ಯಕ್ಷಗಾನದ ಫೋಟೊ ಮಸುಕಾದರೆ ಹೊಸ ಕ್ಯಾಮೆರಾ ಬೇಕೇ?

ಪ್ರಶ್ನೆ: ನನ್ನದು ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್. ಹಗಲಿನ ಚಿತ್ರಗಳು ಚೆನ್ನಾಗಿಯೇ ಬರುತ್ತವೆ. ರಾತ್ರಿ ಆಟಕ್ಕೆ ಹೋಗಿ ತೆಗೆದವು ಮಾತ್ರ ಮಸುಕು. ಹೊಸ ಕ್ಯಾಮೆರಾ ಕೊಳ್ಳಬೇಕೇ?

ಬೇಡ. ಖರ್ಚು ಮಾಡಲೇಬೇಕೆಂದಿದ್ದರೆ ಒಂದು ಲೆನ್ಸ್‌ಗೆ ಮಾಡಿ. ಅದಕ್ಕೂ ಮೊದಲು ಹಾಳಾದ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ.

ಹಿಂದೆ ಕುಳಿತ ಭಾಗವತರ ಮುಂಡಾಸು, ರಂಗಸ್ಥಳದ ಕಂಬ ಸ್ಪಷ್ಟವಾಗಿದ್ದು ವೇಷದ ಕೈಕಾಲು ಮಾತ್ರ ಕಲಸಿಹೋಗಿದ್ದರೆ ಷಟರ್ ವೇಗ ಸಾಲದಾಗಿದೆ, ಅಂದರೆ ಬೆಳಕು ಒಳಬರುವ ಬಾಗಿಲು ಬೇಗ ಮುಚ್ಚಿಲ್ಲ. ಕಂಬವೂ ವೇಷವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ನಿಂತು ಅರ್ಥ ಹೇಳುತ್ತಿರುವ ವೇಷದ ಮುಖ ಮಸುಕಾಗಿ, ಭಾಗವತರ ಕೈಯ ತಾಳ ಚೊಕ್ಕವಾಗಿದ್ದರೆ ಫೋಕಸ್ ತಪ್ಪಿದೆ. ನಾನು ಕಂಡಂತೆ ಹೆಚ್ಚಿನವರದು ಮೊದಲನೆಯ ತೊಂದರೆ. ಲೆನ್ಸಿನಲ್ಲಿರುವ ಕಂಪನ ತಡೆಯುವ ವ್ಯವಸ್ಥೆ ಕೈ ಅಲುಗಿದ್ದಕ್ಕೆ ಮದ್ದೇ ಹೊರತು, ಧೀಂಗಿಣ ಹಾಕುವ (ಸುತ್ತುತ್ತ ನೆಗೆಯುವ) ಕಲಾವಿದರನ್ನು ಅದು ಹಿಡಿದು ನಿಲ್ಲಿಸಲಾರದು.

ನಿಮ್ಮ ಲೆನ್ಸನ್ನು 55ಕ್ಕೆ ಎಳೆದಾಗ ಅದರ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿ.ಮೀ. ಎಫ್ 1.8 ಲೆನ್ಸ್ ಅದರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರಲ್ಲಿ 1/30 ಸೆಕೆಂಡ್ ಬೇಕಾಗಿದ್ದ ಚಿತ್ರಕ್ಕೆ ಈಗ 1/300 ಸಾಕು. ಆಟದ ಚಿತ್ರದ ಮಟ್ಟಿಗೆ ಈ ವ್ಯತ್ಯಾಸವೇ ಎಲ್ಲ. ಆದರೆ 1.8ರಲ್ಲಿ ಐದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 70 ಸೆಂ.ಮೀ. ಮಾತ್ರ, ಕುಣಿಯುವ ವೇಷ ಒಂದು ಹೆಜ್ಜೆ ಮುಂದಿಟ್ಟರೆ ಅದನ್ನು ದಾಟಿರುತ್ತದೆ. ನಾನು 2.2ರಲ್ಲಿಟ್ಟು, ಐಎಸ್‌ಒವನ್ನು 6400ಕ್ಕೆ ಏರಿಸಿಕೊಳ್ಳುತ್ತೇನೆ.

ಕೊಳ್ಳುವಾಗ ಒಂದು ಎಚ್ಚರಿಕೆ. ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಹಳೆಯ 50 ಮಿ.ಮೀ. 1.8ಡಿ ಲೆನ್ಸ್ ತಂದರೆ ಕೈಯಿಂದಲೇ ಫೋಕಸ್ ಮಾಡಬೇಕು. ಅವಕ್ಕೆ 1.8ಜಿ ಕೊಳ್ಳಿ. ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಇಎಫ್ 50 ಎಸ್‌ಟಿಎಂ.

ಇನ್ನು ರಂಗಸ್ಥಳದ ಎಲ್‌ಇಡಿ ದೀಪಗಳು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಕಳಪೆ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಇದು ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಮೂಡುತ್ತದೆ. ಕ್ಯಾಮೆರಾದಲ್ಲಿ ಮಿನುಗು ತಡೆಯುವ ಸೌಲಭ್ಯವಿದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ವೇಷ ನಿಂತು ಮಾತಾಡುವ ಅರ್ಥಗಾರಿಕೆಯ ಹೊತ್ತಿಗೆ 1/100ಕ್ಕೆ ಇಳಿಯಿರಿ.

ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ಕಪ್ಪು ಹಿನ್ನೆಲೆಯನ್ನು ನೋಡಿ ಕ್ಯಾಮೆರಾ ಮೋಸಹೋಗುತ್ತದೆ, ಬೆಳಕನ್ನು ಅತಿಯಾಗಿ ತೆಗೆದುಕೊಳ್ಳುತ್ತದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಮುಳ್ಳಿನಂತೆ ಎಬ್ಬಿಸಿದ ಚುಟ್ಟಿ ಆಗ ಬರೀ ಬಿಳಿಯ ತೇಪೆಯಾಗುತ್ತದೆ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಕಲಾವಿದರು ಗಂಟೆಗಟ್ಟಲೆ ಕುಳಿತು ಬರೆದ ಮುಖವದು. ಅದರ ಒಂದು ಮುಳ್ಳೂ ಅಳಿಸಬಾರದು. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಒಂದು ಮೆಟ್ಟಿಲು ಕೆಳಗಿಳಿಸಿ, ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಉಳಿಸಿಕೊಂಡರೆ, 14 ಬಿಟ್ ರಾ ಫೈಲಿನಲ್ಲಿ 16,384 ಹಂತಗಳಿವೆ. ಕತ್ತಲಾದ ಭಾಗವನ್ನು ಆಮೇಲೆ ಮೇಲೆತ್ತಬಹುದು, ಬೆಳ್ಳಗಾಗಿ ಹೋದದ್ದು ಮರಳಿ ಬರುವುದಿಲ್ಲ.

ಚಿತ್ರ ತಿದ್ದುವ ತಂತ್ರಾಂಶಕ್ಕೂ ದುಡ್ಡು ಬೇಡ. ಡಾರ್ಕ್‌ಟೇಬಲ್ ಉಚಿತ, ಅನೇಕ ಕ್ಯಾಮೆರಾಗಳಲ್ಲಿ ಯಾವ ಐಎಸ್‌ಒದಲ್ಲಿ ಎಷ್ಟು ಕಾಳುಕಾಳಾಗುತ್ತದೆ ಎಂಬ ಮಾಹಿತಿ ಅದರೊಳಗೇ ಇದೆ, ಅದನ್ನು ನೋಡಿಕೊಂಡೇ ಚಿತ್ರವನ್ನು ನಯಗೊಳಿಸುತ್ತದೆ. ಆದ್ದರಿಂದ ಐಎಸ್‌ಒ ಏರಿಸಲು ಹೆದರಬೇಡಿ. ಕಾಳು ಹೋಗುತ್ತದೆ, ಕಲಸಿದ್ದು ಹೋಗುವುದಿಲ್ಲ.

ಫ್ಲ್ಯಾಶ್ ಮಾತ್ರ ಖಂಡಿತ ಬೇಡ. ಕುಣಿಯುವವರ ಕಣ್ಣಿಗೆ ಅದು ಚುಚ್ಚುತ್ತದೆ. ಅದರ ಬದಲು ಚೆಂಡೆಗೆ ಕಿವಿಗೊಡಿ. ಪೆಟ್ಟು ಬಿರುಸಾಗುತ್ತಿದ್ದಂತೆ ಬೆರಳನ್ನು ಸಿದ್ಧವಾಗಿಡಿ; ನೆಗೆದ ವೇಷ ಮೇಲೇರುವುದು ನಿಂತು, ಇನ್ನೂ ಇಳಿಯಲಾರಂಭಿಸದೆ ಇರುವ ಒಂದು ಗಳಿಗೆ ಇದೆ, ಒತ್ತಬೇಕಾದದ್ದು ಆಗ.