ಫುಡ್‌ಶೆಡ್ ಅಂದರೇನು?

ಈ ಪದ ಕೇಳಿದ ತಕ್ಷಣ ತಗಡಿನ ಗೋಡೌನು, ಒಳಗೆ ಅಕ್ಕಿ ಮೂಟೆ ಕಣ್ಣಿಗೆ ಬಂದರೆ ತಪ್ಪಿಲ್ಲ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಇಲ್ಲಿರುವ ‘ಶೆಡ್’ ವಾಟರ್‌ಶೆಡ್‌ನಿಂದ ಬಂದದ್ದು, ಅಂದರೆ ನಮ್ಮ ಜಲಾನಯನ. ಒಂದು ಕೆರೆಗೆ ಎಲ್ಲೆಲ್ಲಿಂದ ನೀರು ಇಳಿದು ಬರುತ್ತದೋ ಅಷ್ಟೂ ಜಾಗ ಆ ಕೆರೆಯ ಜಲಾನಯನ. ಒಂದು ಊರಿನ ಅಡುಗೆಮನೆಗಳಿಗೆ ಎಲ್ಲೆಲ್ಲಿಂದ ದವಸ, ತರಕಾರಿ, ಹಾಲು ಬರುತ್ತದೋ ಅಷ್ಟೂ ಜಾಗ ಆ ಊರಿನ ಫುಡ್‌ಶೆಡ್.

ಪದ ಹುಟ್ಟಿದ್ದು ದಿಗಿಲಿನಿಂದ. 1921ರಲ್ಲಿ ಅಮೆರಿಕದ ರೈಲ್ವೆ ನೌಕರರು ಮುಷ್ಕರ ಹೂಡುತ್ತೇವೆ ಎಂದರು. ರೈಲು ನಿಂತರೆ ನ್ಯೂಯಾರ್ಕಿನಲ್ಲಿರುವ ದಿನಸಿ ಎಷ್ಟು ದಿನಕ್ಕೆ ಬಂದೀತು? ಮುಷ್ಕರವೇನೋ ನಡೆಯಲಿಲ್ಲ, ಪ್ರಶ್ನೆ ಮಾತ್ರ ಉಳಿಯಿತು. ಅಲ್ಲಿನ ಬಂದರು ಪ್ರಾಧಿಕಾರದಲ್ಲಿದ್ದ ವಾಲ್ಟರ್ ಹೆಡನ್, ದೊಡ್ಡ ನಗರಗಳ ಊಟ ಎಲ್ಲಿಂದ ಬರುತ್ತದೆ ಎಂದು 1929ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಫುಡ್‌ಶೆಡ್ ಪದ ಅದರಲ್ಲಿದೆ. ಆಮೇಲೆ ಮೂಲೆ ಸೇರಿದ್ದ ಪದವನ್ನು 1990ರ ದಶಕದಲ್ಲಿ ಸ್ಥಳೀಯ ಆಹಾರದ ಪರ ಇದ್ದವರು ಧೂಳು ಕೊಡವಿ ಎತ್ತಿಕೊಂಡರು.

ಬೆಂಗಳೂರಿನ ಒಂದು ತಟ್ಟೆ ತೆಗೆದುಕೊಳ್ಳೋಣ. ಮುದ್ದೆ, ಬಸ್ಸಾರು, ಒಂದು ಹಿಡಿ ಅನ್ನ. ಸೊಪ್ಪು ಹೊಸಕೋಟೆಯದೋ ಆನೇಕಲ್ಲಿನದೋ ಇರುತ್ತದೆ. ರಾಗಿ ತುಮಕೂರು, ರಾಮನಗರದ ಕಡೆಯದು. ಅಕ್ಕಿ ತುಂಗಭದ್ರಾ ಕಾಲುವೆ ಕೆಳಗಿನ ಸಿಂಧನೂರು, ಗಂಗಾವತಿಯಿಂದ ಬರುತ್ತದೆ, ತೊಗರಿ ಕಲಬುರಗಿಯಿಂದ. ಇಲ್ಲಿವರೆಗೂ ರಾಜ್ಯದ ಗಡಿ ದಾಟಿಲ್ಲ. ಒಗ್ಗರಣೆಗೆ ಬಂದಾಗ ದಾಟುತ್ತೇವೆ. ಜೀರಿಗೆ ಗುಜರಾತಿನದೋ ರಾಜಸ್ಥಾನದ್ದೋ. ಇನ್ನು ಎಣ್ಣೆ? 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಇಲ್ಲಿ ಸೂರ್ಯಕಾಂತಿ ಎಣ್ಣೆಯ ರೇಟು ಏರಿದ್ದು ನೆನಪಿದೆ ಅಲ್ವಾ? ದೇಶದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಮುಂದಿರುವ ರಾಜ್ಯ ನಮ್ಮದೇ. ಆದರೂ ಒಗ್ಗರಣೆಯ ಎಣ್ಣೆಗೆ ಕಪ್ಪು ಸಮುದ್ರದ ಹಡಗು ಕಾಯಬೇಕಾಯಿತು.

ಜಲಾನಯನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅದನ್ನು ಹೆಡನ್ ಆಗಲೇ ಗುರುತಿಸಿದ್ದರು. ನೀರು ಯಾವ ಕಡೆ ಹರಿಯಬೇಕು ಅಂತ ಹೇಳುವುದು ಗುಡ್ಡ, ದಿಣ್ಣೆ. ಊಟದ ಪದಾರ್ಥಕ್ಕೆ ಆ ಕೆಲಸ ಮಾಡುವುದು ಹೆಚ್ಚಾಗಿ ದುಡ್ಡು. ಕೋಲಾರದ ಟೊಮೆಟೊ ಮಾರುಕಟ್ಟೆ ನೋಡಿ. 2023ರ ಜುಲೈನಲ್ಲಿ ಅಲ್ಲಿ 15 ಕೆಜಿಯ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು, ಲಾರಿಗಳು ಉತ್ತರಕ್ಕೆ ಓಡುತ್ತಿದ್ದವು. ಬೆಲೆ ಬಿದ್ದಾಗ ಕಿತ್ತ ಕೂಲಿಯೂ ಹುಟ್ಟುವುದಿಲ್ಲ, ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಹೊಲ ಹತ್ತಿರ ಇದ್ದ ಮಾತ್ರಕ್ಕೆ ಹಣ್ಣು ಹತ್ತಿರದ ಊರಿಗೆ ಹರಿದು ಬರುವುದಿಲ್ಲ. ಯಾರಾದರೂ ಕಾಲುವೆ ತೋಡಬೇಕು. ಆ ಕಾಲುವೆಯನ್ನೇ ಈಗ ‘ಪ್ರಾದೇಶಿಕ ಆಹಾರ ಜಾಲ’ ಅನ್ನುತ್ತಿದ್ದಾರೆ. ಹೆಸರು ಭಾರಿಯಾಗಿದೆ, ಕೆಲಸ ನಮಗೆ ಗೊತ್ತಿರುವುದೇ.

ಬೆಳಗ್ಗೆ ಯಾವುದಾದರೂ ಹಳ್ಳಿಯ ಡೈರಿ ಮುಂದೆ ನಿಂತರೆ ಸಾಕು. ಒಂದು ಹಸು ಇರುವವರೂ ಬಂದಿರುತ್ತಾರೆ, ಹತ್ತು ಇರುವವರೂ. ಟೆಸ್ಟರ್ ಒಂಚೂರು ಹಾಲು ತೆಗೆದು ಫ್ಯಾಟು, ಡಿಗ್ರಿ (ಅಂದರೆ ಹಾಲಿನ ಗಟ್ಟಿತನ) ನೋಡುತ್ತಾರೆ. ನೀರು ಬೆರೆಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಎರಡು ಲೀಟರ್ ಹಾಕಿದ ಅಜ್ಜಿಯ ಹಾಲೂ ಗೌಡರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ದರವೂ ಗುಣ ನೋಡಿಯೇ. ಅಲ್ಲಿಂದ ಶೀತಲ ಘಟಕ, ಆಮೇಲೆ ಟ್ಯಾಂಕರು. ಬಟವಾಡೆ ದಿನ ಲೆಕ್ಕ ಚುಕ್ತಾ. ಹಳ್ಳಿಗೆ ಸಂಘ, ಮೇಲೆ ಜಿಲ್ಲೆಗೋ ಎರಡು ಮೂರು ಜಿಲ್ಲೆಗೋ ಒಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಿಂದ ಬೆಳೆದ ಈ ಏರ್ಪಾಡಿನ ತುದಿಯಲ್ಲಿ ನಂದಿನಿ ಪ್ಯಾಕೆಟ್ ಇದೆ. ಜಾಲ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಡೈರಿಯನ್ನೇ ತೋರಿಸುತ್ತೇನೆ.

ಹಣ್ಣು ತರಕಾರಿಗೂ ಪ್ರಯತ್ನ ಆಗಿಲ್ಲ ಅಂತಲ್ಲ. 1959ರಲ್ಲಿ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಇವತ್ತಿನ ಹಾಪ್‌ಕಾಮ್ಸ್. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗ ಭಾನುವಾರದ ಸಂತೆ ನಡೆಸುತ್ತದೆ. ಆ ಹೆಸರು ನನಗೆ ಇಷ್ಟ. ಬೆಳೆಯುವವರು, ತಿನ್ನುವವರು ಒಂದೇ ಬಳಗ. ಆದರೆ ತರಕಾರಿ ಹಾಲಿನಷ್ಟು ಸಲೀಸಲ್ಲ. ಎಷ್ಟು ರೈತರದ್ದಾದರೂ ಹಾಲನ್ನು ಒಂದು ಕ್ಯಾನಿಗೆ ಸುರಿಯಬಹುದು. ಬದನೆಕಾಯಿ, ಬೀನ್ಸು ಬಗೆಬಗೆ, ಗಾತ್ರ ಬೇರೆ, ಬಾಳಿಕೆ ಬೇರೆ. ಮೂರು ಊರಿನವರು ಒಟ್ಟಿಗೆ ಬೀನ್ಸ್ ಹಾಕಿ ಮುಂದಿನ ತಿಂಗಳು ಯಾರೂ ಹಾಕದೇ ಇದ್ದರೆ ಅಂಗಡಿಯವರು ಏನು ಮಾಡಬೇಕು? ಹಾಗಾಗಿ ಜಾಲದ ಮೊದಲ ಕೆಲಸ ವ್ಯಾನು ಕೊಳ್ಳುವುದಲ್ಲ. ಯಾರು ಯಾವಾಗ ಏನು ಬಿತ್ತಬೇಕು ಅಂತ ಕೂತು ಮಾತಾಡಿಕೊಳ್ಳುವುದು.

ಇನ್ನೊಂದು, ಖಚಿತವಾಗಿ ಕೊಳ್ಳುವವರು ಬೇಕು. ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿ, ಶಾಲೆ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ಕೃಷಿ ಕುಟುಂಬಗಳಿಂದ ಕೊಳ್ಳಲೇಬೇಕು ಎಂದಿತು. ನಮ್ಮಲ್ಲೂ ಬೆಂಬಲ ಬೆಲೆಗೆ ಕೊಂಡ ರಾಗಿ ದಕ್ಷಿಣದ ಜಿಲ್ಲೆಗಳ ರೇಷನ್ನಿಗೆ, ಜೋಳ ಉತ್ತರದ ಜಿಲ್ಲೆಗಳಿಗೆ ಹೋಗುವುದುಂಟು. ಬಿಸಿಯೂಟ, ಹಾಸ್ಟೆಲ್‌ಗಳ ತರಕಾರಿಯೂ ಹೀಗೆ ಪಕ್ಕದ ಊರಿನಿಂದಲೇ ಬಂದರೆ ರೈತರಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಡ ಅನ್ನುವುದು ನನ್ನ ಲೆಕ್ಕ.

ಎಲ್ಲವೂ ನೂರು ಕಿಲೋಮೀಟರ್ ಒಳಗೇ ಸಿಗಬೇಕು ಅಂತ ಫುಡ್‌ಶೆಡ್‌ಗೆ ಅರ್ಥ ಹಚ್ಚುವವರೂ ಇದ್ದಾರೆ. ಅದು ಸುಮ್ನೆ ಹಟ. ಬಯಲುಸೀಮೆಯ ಮುದ್ದೆಗೆ ಉಪ್ಪು ಈಗ ಹೆಚ್ಚಾಗಿ ದೂರದ ಕಡಲ ದಂಡೆಯಿಂದಲೇ ಬರುತ್ತದೆ. ಸೊಪ್ಪಿನ ಸುತ್ತಳತೆ ಚಿಕ್ಕದು, ದವಸದ್ದು ದೊಡ್ಡದು.

ಕನ್ನಡದಲ್ಲಿ ಏನನ್ನೋಣ? ಜಲಾನಯನದ ಜಾಡಿನಲ್ಲಿ ‘ಆಹಾರಾನಯನ’ ಅನ್ನಬಹುದು, ನಾಲಿಗೆ ಮಾತ್ರ ತೊಡರುತ್ತದೆ. ನಾನು ‘ಊಟದ ಸೀಮೆ’ ಅಂದುಕೊಳ್ಳುತ್ತೇನೆ. ನಿಮ್ಮದು ಎಲ್ಲಿಯವರೆಗಿದೆ ನೋಡಬೇಕಾದರೆ, ನಾಳೆ ಸೊಪ್ಪು ಕೊಳ್ಳುವಾಗ ಯಾವ ಊರಿಂದು ಅಂತ ಕೇಳಿ ನೋಡಿ. ಆಮೇಲೆ ಬೇಳೆ ಅಂಗಡಿಯಲ್ಲೂ ಅದನ್ನೇ ಕೇಳಿ.