ಮಲೆನಾಡಿನ ಮಳೆ, ಅಡುಗೆ ಮನೆಯ ಉಪ್ಪು ಮತ್ತು ಥೈರಾಯ್ಡ್

ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಯಾವ ಮೆಡಿಕಲ್ ಶಾಪಿನಲ್ಲಿ ನಿಂತರೂ ಬಿಪಿ, ಶುಗರ್ ಮಾತ್ರೆಯ ಜೊತೆಗೆ ಥೈರಾಯ್ಡ್ ಮಾತ್ರೆ ಕೇಳುವವರು ಕಾಣುತ್ತಾರೆ. ಹೆಚ್ಚಿನವರು ಹೆಂಗಸರು. "ನಂಗೆ ಥೈರಾಯ್ಡ್ ಇದೆ" ಅನ್ನುತ್ತಾರೆ, ಮಾತ್ರೆ ತಗೊಂಡು ಬಸ್ಸು ಹತ್ತುತ್ತಾರೆ. ಇದು ಯಾಕೆ ಬಂತು, ಆ ಪುಟ್ಟ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅಂತ ಅವರಿಗೆ ಯಾರೂ ಕೂರಿಸಿ ಹೇಳಿರುವುದಿಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ. ಯಾಕಂದ್ರೆ ಈ ಕಾಯಿಲೆಗೂ ನಮ್ಮ ಜಿಲ್ಲೆಗೂ ಹಳೇ ನಂಟಿದೆ. ಕರ್ನಾಟಕದಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಗ್ರಂಥಿ ಊದಿ ಕುತ್ತಿಗೆ ದಪ್ಪವಾಗುವ ಕಾಯಿಲೆ, ಜಾಸ್ತಿ ಕಂಡ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು.

ಮೊದಲು ಗ್ರಂಥಿಯ ಕೆಲಸ ನೋಡೋಣ. ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಸುಮಾರು 20 ಗ್ರಾಂ ತೂಕದ ಥೈರಾಯ್ಡ್ ಕೂತಿದೆ. ರಕ್ತದಲ್ಲಿ ಬರುವ ಅಯೋಡಿನ್ನನ್ನು ಹಿಡಿದುಕೊಂಡು ಹಾರ್ಮೋನು ಮಾಡುವುದು ಅದರ ಕೆಲಸ. ನಾಲ್ಕು ಅಯೋಡಿನ್ ಪರಮಾಣು ಇದ್ದರೆ ಟಿ4, ಮೂರಿದ್ದರೆ ಟಿ3. ಟಿ4 ರಕ್ತದಲ್ಲಿ ಓಡಾಡುವ ದಾಸ್ತಾನು. ಲಿವರ್, ಕಿಡ್ನಿ ಮುಂತಾದ ಕಡೆ ಅದರಿಂದ ಒಂದು ಅಯೋಡಿನ್ ಕಳಚಿ ಟಿ3 ಆಗುತ್ತದೆ. ಈ ಟಿ3 ಜೀವಕೋಶದ ನಡುವಿನ ಕೇಂದ್ರಕ್ಕೇ ಹೋಗಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಅಂತ ತೀರ್ಮಾನಿಸುತ್ತದೆ. ಅದಕ್ಕೇ ಥೈರಾಯ್ಡ್ ಕಡಿಮೆಯಾದರೆ ಒಂದು ಕಡೆ ಮಾತ್ರ ತೊಂದರೆ ಆಗುವುದಿಲ್ಲ. ಚಳಿ ತಡೆಯಲಾಗುವುದಿಲ್ಲ, ಕೂದಲು ಉದುರುತ್ತದೆ, ಮಲಬದ್ಧತೆ, ಮುಟ್ಟಿನ ಏರುಪೇರು, ನಾಡಿ ನಿಧಾನ, ಎದ್ದ ಕೂಡಲೇ ಸುಸ್ತು. ಇಷ್ಟೂ ಒಟ್ಟಿಗೆ ಬಂದಾಗ ಮನೆಯವರು "ಇವಳಿಗೆ ಸೋಮಾರಿತನ" ಅಂದುಬಿಡುತ್ತಾರೆ, ಅದು ಅನ್ಯಾಯ.

ಗ್ರಂಥಿಯ ಮೇಲೆ ನಿಗಾ ಇಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಟಿಎಸ್‌ಎಚ್ ಅನ್ನೋ ಹಾರ್ಮೋನು ಕಳಿಸುತ್ತದೆ. ತೋಟದಲ್ಲಿ ಕೆಲಸ ಹಿಂದೆ ಬಿದ್ದರೆ ಮೇಸ್ತ್ರಿಯ ದನಿ ಏರುತ್ತದಲ್ಲ, ಹಾಗೇ ಟಿ4 ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕಡಿಮೆ ಅನ್ನುವುದು ಇದೇ ಕಾರಣಕ್ಕೆ. ಅಯೋಡಿನ್ನೇ ಸಿಗದಿದ್ದರೆ ಗ್ರಂಥಿ ಪಾಪ ಏನು ಮಾಡೀತು? ಟಿಎಸ್‌ಎಚ್ ಒತ್ತಡಕ್ಕೆ ವರ್ಷಗಟ್ಟಲೆ ಬೆಳೆಯುತ್ತಾ, ಬೆಳೆಯುತ್ತಾ, ಕೊನೆಗೆ ಹೊರಗೆ ಕಾಣುವಷ್ಟು ಊದಿಕೊಳ್ಳುತ್ತದೆ. ಅದೇ ಗಳಗಂಡ.

ಮಲೆನಾಡಿನಲ್ಲೇ ಯಾಕೆ? ಮಳೆ. ಅಯೋಡಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕೊಟ್ಟಿಗೆಹಾರದಂಥ ಕಡೆ ಸುರಿಯುವ ಮಳೆ ಸಾವಿರಾರು ವರ್ಷ ಇಳಿಜಾರಿನ ಮಣ್ಣನ್ನು ತೊಳೆದು, ಅದರಲ್ಲಿದ್ದ ಅಯೋಡಿನ್ನನ್ನು ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಸಾಗಿಸಿದೆ. ಆ ಮಣ್ಣಿನಲ್ಲಿ ಬೆಳೆದ ಅಕ್ಕಿ, ಕೆಸು, ಸೊಪ್ಪು, ಅದೇ ಹುಲ್ಲು ತಿಂದ ಹಸುವಿನ ಹಾಲು, ಎಲ್ಲದರಲ್ಲೂ ಅದು ಕಡಿಮೆ. ಹಿಮಾಲಯದ ತಪ್ಪಲು, ಆಲ್ಪ್ಸ್ ಬೆಟ್ಟಗಳಲ್ಲೂ ಇದೇ ಪಾಡು.

ಇದು ಗೊತ್ತಾಗಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ, ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ಮಾಡಲು ಸಮುದ್ರ ಪಾಚಿಯ ಬೂದಿ ಬಳಸುತ್ತಿದ್ದಾಗ ನೇರಳೆ ಹೊಗೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಅದನ್ನು ಗಳಗಂಡಕ್ಕೆ ಕೊಟ್ಟರು. ಊತ ಇಳಿಯಿತು. ಆದರೆ ಜನ ಅಳತೆ ಮೀರಿ ತಗೊಂಡು ತೊಂದರೆಗೆ ಸಿಕ್ಕಿದರು, ಔಷಧಿಗೆ ಕೆಟ್ಟ ಹೆಸರು ಬಂತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ, ಥೈರಾಯ್ಡ್ ಪೂರ್ತಿ ಕೈಕೊಟ್ಟಿದ್ದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡಿನ ಸಾರ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಜಾಸ್ತಿ ಕುರಿಗಳ ಗ್ರಂಥಿ ಬೇಕಾಯಿತು. ಒಂದು ಗ್ರಂಥಿ ಮಾಡದ ಕೆಲಸವನ್ನು ಹೊರಗಿನಿಂದ ಕೊಟ್ಟು ತುಂಬಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟದ್ದು ಈ ಚಿಕಿತ್ಸೆ. ಗಮನಿಸಿ, ಆಗಿನ್ನೂ ಹಾರ್ಮೋನು ಅನ್ನುವ ಹೆಸರೇ ಹುಟ್ಟಿರಲಿಲ್ಲ, ಅದನ್ನು ಇಂಗ್ಲೆಂಡಿನ ವಿಜ್ಞಾನಿ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಗ್ರಂಥಿಯೊಳಗೇ ಅಯೋಡಿನ್ ಇದೆ ಅಂತ ಜರ್ಮನಿಯ ಬೌಮನ್ ಕಂಡುಕೊಂಡದ್ದು 1895ರಲ್ಲಿ, ಅಮೆರಿಕದ ಕೆಂಡಾಲ್ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದ್ದು 1914ರಲ್ಲಿ. 1927ರ ಹೊತ್ತಿಗೆ ಲ್ಯಾಬಿನಲ್ಲೇ ತಯಾರಿಸುವುದು ಗೊತ್ತಾಯಿತು.

ನಮ್ಮ ದೇಶದ ಕತೆ ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯದು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಆ ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಡಿಸಿದರು. ಐದಾರು ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ಬರೀ ಉಪ್ಪಿನ ಕಡೆ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1992ರಲ್ಲಿ ಅದರ ಹೆಸರಿನಲ್ಲಿ ಗಳಗಂಡದ ಬದಲು ‘ಅಯೋಡಿನ್ ಕೊರತೆಯ ಕಾಯಿಲೆಗಳು’ ಅಂತ ಬಂತು, ಯಾಕಂದ್ರೆ ಕುತ್ತಿಗೆಯ ಊತಕ್ಕಿಂತ ದೊಡ್ಡ ನಷ್ಟ ಹೊಟ್ಟೆಯಲ್ಲಿರುವ ಮಗುವಿನದು ಅಂತ ಅಷ್ಟರಲ್ಲಿ ಅರಿವಾಗಿತ್ತು. ಮೊದಲ ಕೆಲವು ತಿಂಗಳು ಮಗುವಿಗೆ ತಾಯಿಯ ಹಾರ್ಮೋನೇ ಗತಿ. ಅದು ಸಾಲದಿದ್ದರೆ ಮಿದುಳು ಸರಿಯಾಗಿ ಬೆಳೆಯುವುದಿಲ್ಲ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಇಷ್ಟು ಗೊತ್ತಿದ್ದೂ, ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ 1998ರಲ್ಲಿ ಹಾಕಿದ ನಿಷೇಧವನ್ನು ಕೇಂದ್ರ ಸರ್ಕಾರ 2000ದಲ್ಲಿ ತೆಗೆಯಿತು, 2006ರಲ್ಲಿ ಮತ್ತೆ ಹಾಕಿತು. ನಡುವಿನ ಆ ವರ್ಷಗಳು ಸುಮ್ನೆ ಕಳೆದವು ಅಂತಲೇ ನನ್ನ ಅಭಿಪ್ರಾಯ.

ಈಗ ನಮ್ಮ ಅಡುಗೆ ಮನೆಗೆ ಬನ್ನಿ. ಮನೆಗೆ ಬಂದ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ, ಅಂದರೆ ಒಂದು ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಆದರೆ ಆಷಾಢದ ಜಡಿಮಳೆಯಲ್ಲಿ ಉಪ್ಪು ನೀರೊಡೆಯುತ್ತದೆ. ಒಣಗಲಿ ಅಂತ ಒಲೆಯ ಪಕ್ಕ ಮುಚ್ಚಳ ತೆಗೆದು ಇಡುತ್ತೇವೆ. ತೇವ, ಬಿಸಿ ಎರಡೂ ಅಯೋಡಿನ್ನಿಗೆ ಆಗುವುದಿಲ್ಲ. ಕಲ್ಲುಪ್ಪನ್ನು ಕೊಳೆ ಹೋಗಲಿ ಅಂತ ತೊಳೆದರೆ ಮೇಲೆ ಸಿಂಪಡಿಸಿದ್ದೂ ಹೋಗುತ್ತದೆ. ಸಮುದ್ರದ ಉಪ್ಪಲ್ಲವಾ, ಅಯೋಡಿನ್ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಸಮುದ್ರದ ನೀರು ಇಂಗಿಸಿ ಮಾಡಿದ ಬರೀ ಉಪ್ಪಿನಲ್ಲಿ ಉಳಿಯುವುದು ತೀರಾ ಕಡಿಮೆ. ಈಗ ಫ್ಯಾಷನ್ ಆಗಿರುವ ಗುಲಾಬಿ ಉಪ್ಪಿನದೂ ಅದೇ ಹಣೆಬರಹ. ಆಶಾ ಕಾರ್ಯಕರ್ತೆ ಬಂದರೆ ಒಂದು ಚಮಚ ಉಪ್ಪು ಕೊಡಿ. ಅವರ ಕಿಟ್‌ನಲ್ಲಿರುವ ದ್ರಾವಣ ಒಂದು ಹನಿ ಬಿದ್ದರೆ, ಅಯೋಡಿನ್ ಇರುವ ಉಪ್ಪು ಕಣ್ಣೆದುರೇ ನೀಲಿ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಅಯೋಡಿನ್ ಜಾಸ್ತಿ. ಬೆಳ್ಳಗೇ ಉಳಿದರೆ ಆ ಅಂಗಡಿಯಲ್ಲಿ ಕೇಳಲೇಬೇಕು.

ಹಾಗಂತ ಈಗಾಗಲೇ ಥೈರಾಯ್ಡ್ ಇರುವವರು ಉಪ್ಪು ಜಾಸ್ತಿ ತಿಂದರೆ ವಾಸಿಯಾಗುವುದಿಲ್ಲ, ಬಿಪಿ ಏರುತ್ತದೆ ಅಷ್ಟೇ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಕಡಿಮೆಯಾಗಲು ಮುಖ್ಯ ಕಾರಣ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಶತ್ರು ಅಂತ ತಿಳಿದು ತಿನ್ನುತ್ತಾ ಬರುತ್ತದೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಮೊದಲು ವಿವರಿಸಿದ ಕಾಯಿಲೆ ಇದು. ಅದಕ್ಕೆ ಆ ಮಾತ್ರೆ. ಅದರಲ್ಲಿರುವುದು ನಿಮ್ಮ ಗ್ರಂಥಿ ಮಾಡಬೇಕಿದ್ದ ಟಿ4, ಬೇರೇನೂ ಅಲ್ಲ.

ಕಾಫಿ ಸೀಮೆಯವರಿಗೆ ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಎದ್ದ ಕೂಡಲೇ ಕಾಫಿ ನಮ್ಮ ಅಭ್ಯಾಸ, ಮಾತ್ರೆಯನ್ನೂ ಅದರ ಜೊತೆಗೇ ನುಂಗಿಬಿಡುತ್ತೇವೆ. ಕಾಫಿ ಕರುಳಿನಲ್ಲಿ ಟಿ4 ಸೇರದ ಹಾಗೆ ಅಡ್ಡ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ ತಗೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇಡಿ. ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಬಸುರಿ ಅಂತ ಗೊತ್ತಾದರೆ ಮುಂದಿನ ಚೆಕಪ್ ತನಕ ಕಾಯದೆ ಆ ವಾರವೇ ಡಾಕ್ಟರ ಹತ್ತಿರ ಹೋಗಿ, ಆಗ ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ.