ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಓದಿಗೆ ಯಾವುದು ಮುಂದು?

ಪ್ರಶ್ನೆ: ನಮ್ಮೂರಿನ ಶಾಲೆ ಐದನೇ ಕ್ಲಾಸಿಗೇ ಮುಗಿಯುತ್ತದೆ. ಮಗಳನ್ನು ಆರನೇ ಕ್ಲಾಸಿಗೆ ಸೋಮವಾರಪೇಟೆ ಕಡೆಯ ಯಾವುದಾದರೂ ಸರ್ಕಾರಿ ಶಾಲೆಗೆ ಸೇರಿಸಬೇಕು. ಅಂಕ ನೋಡಿ ಹೋಲಿಸಬಹುದಾ?

ಹೋಲಿಸೋಣ ಅಂದರೆ ಅಂಕವೇ ಸಿಗುವುದಿಲ್ಲ. ಏಳನೇ ಕ್ಲಾಸಿಗೆ ಎಸ್ಸೆಸ್ಸೆಲ್ಸಿ ಥರ ಶಾಲೆವಾರು ಫಲಿತಾಂಶ ಹೊರಗೆ ಬರುವುದಿಲ್ಲ. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಎಂಟನೇ ಕ್ಲಾಸಿನವರನ್ನೂ ಪರೀಕ್ಷಿಸಿದ್ದರು. ಆದರೆ ಅದು ಆಯ್ದ ಶಾಲೆಗಳಲ್ಲಿ ನಡೆದದ್ದು, ವರದಿ ಕೊಟ್ಟದ್ದು ಶಾಲೆವಾರಲ್ಲ, ಜಿಲ್ಲೆವಾರು. ಎಸ್ಸೆಸ್ಸೆಲ್ಸಿಯಲ್ಲಿ ಕೊಡಗು ಮುಂದಿನ ಸಾಲಲ್ಲೇ ಇರುತ್ತದೆ, ನಿಜ. ಅದು ಹೈಸ್ಕೂಲಿನ ಲೆಕ್ಕ.

ಗಾಳಿಬೀಡಿನ ನವೋದಯ, ಕೂಡಿಗೆಯ ಸೈನಿಕ ಶಾಲೆಯನ್ನು ಪಕ್ಕಕ್ಕಿಡಿ. ಪರೀಕ್ಷೆ ಬರೆಸಿ ಆರಿಸಿಕೊಂಡ ಮಕ್ಕಳು ಚೆನ್ನಾಗಿ ಓದಿದರೆ ಅದರಲ್ಲಿ ಶಾಲೆಯ ಪಾಲೆಷ್ಟು ಅಂತ ಹೇಳುವುದು ಕಷ್ಟ.

ಹಾಗೇ ಶೇಕಡಾ ಲೆಕ್ಕಕ್ಕೂ ಮರುಳಾಗಬೇಡಿ. ನಮ್ಮಲ್ಲಿ ಒಂದು ಕ್ಲಾಸಿಗೆ ಏಳೆಂಟೇ ಮಕ್ಕಳಿರುವ ಶಾಲೆಗಳಿವೆ. ಎಂಟರಲ್ಲಿ ಒಂದು ಮಗು ಹಿಂದೆ ಬಿದ್ದರೆ ಶೇ 12.5 ಕಮ್ಮಿ! ಆ ಮಗು ತೋಟದ ಕಾರ್ಮಿಕರ ಲೈನ್‌ಮನೆಯದ್ದಾಗಿರಬಹುದು. ಮನೆಯಲ್ಲಿ ಎರವ ಭಾಷೆಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ. ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ. ಇಂಥ ಮಕ್ಕಳನ್ನು ಜನವರಿಯಲ್ಲೂ ಕ್ಲಾಸಿನಲ್ಲಿ ಕೂರಿಸುವ ಶಾಲೆ ನನ್ನ ಪ್ರಕಾರ ಒಳ್ಳೆ ಶಾಲೆ. ಹಾಜರಿ ಹೇಗಿದೆ ಅಂತ ಹೆಡ್‌ಮಾಸ್ಟರನ್ನೇ ಕೇಳಿ.

ಆಮೇಲೆ ಶಿಕ್ಷಕರು. ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು ಬೇಕು, ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆಯವರಿರಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಶಾಲೆಗಳ ಮಾಹಿತಿ ಇರುವ ಸರ್ಕಾರದ ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿ ಹುಡುಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು ಅಂತ ಗೊತ್ತಾಗುತ್ತದೆ. ಗಣಿತ-ವಿಜ್ಞಾನಕ್ಕೆ ಖಾಯಂ ಜಿಪಿಟಿ (ಪದವೀಧರ ಪ್ರಾಥಮಿಕ) ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ ಅನ್ನುವುದನ್ನು ಮಾತ್ರ ಹೋಗಿಯೇ ಕೇಳಬೇಕು. ಅತಿಥಿಗಳು ಸರಿಯಾಗಿ ಕಲಿಸುವುದಿಲ್ಲ ಅಂತಲ್ಲ. ಜೂನ್‌ನಲ್ಲಿ ಶಾಲೆ ಶುರುವಾದರೂ ಅವರ ನೇಮಕ ತಡವಾದರೆ ಅಷ್ಟು ದಿನದ ಪಾಠ ಹೋಯಿತು, ಮೇಲಿಂದ ಮಳೆ ರಜೆ ಬೇರೆ.

ಹೋದಾಗ ಏಳನೇ ಕ್ಲಾಸಿನ ಒಂದು ಲೆಕ್ಕದ ನೋಟ್‌ಬುಕ್ ತೋರಿಸಿ ಅನ್ನಿ. ಪುಟಪೂರ್ತಿ ಕೆಂಪು ಟಿಕ್ ಇದ್ದರೆ ನನಗಂತೂ ಅನುಮಾನ, ಬೋರ್ಡ್ ನೋಡಿ ಬರೆದದ್ದಿರಬಹುದು ಅಲ್ವಾ? ತಪ್ಪಿಗೆ ಸುತ್ತು ಹಾಕಿ, ಅದರ ಕೆಳಗೆ ಮಗುವೇ ಲೆಕ್ಕ ಮತ್ತೆ ಬಿಡಿಸಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ಎಂಟನೇ ಕ್ಲಾಸ್ ಇರುವ ಶಾಲೆಯಾದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಗೆ ಎಷ್ಟು ಮಕ್ಕಳನ್ನು ಕೂರಿಸಿದ್ದರು ಅಂತಲೂ ವಿಚಾರಿಸಿ. ಪಾಸಾಗಿ ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಎಷ್ಟು ಜನ ಪಾಸಾದರು ಅನ್ನುವುದಕ್ಕಿಂತ, ಬರೆದವರು ಇಬ್ಬರು ಜಾಣರಷ್ಟೇನಾ, ಇಡೀ ಕ್ಲಾಸಾ ಅಂತ ಕೇಳಿ.